ಹಿಂಬದಿಯ ಸಣ್ಣಕ್ಷರಗಳು



ನಮ್ಮೂರ ಬಸದಿಯ ವಾರ್ಷಿಕ ರಥೋತ್ಸವವು ಚೈತ್ರದ ಉರಿಬಿಸಿಲಿನಲ್ಲಿ ನಡೆಯುತ್ತದೆ. 2023ರಲ್ಲಿ, ಬಯಲಿನಲ್ಲಿ ದುಡಿಯುವ ತರುಣ ಸ್ವಯಂಸೇವಕರಿಗಾಗಿ ಸನ್‌ಸ್ಕ್ರೀನ್ ಲೇಪದ ಹನ್ನೆರಡು ಟ್ಯೂಬುಗಳನ್ನು ತರುವ ಹೊಣೆ ಕೋಶಾಧಿಕಾರಿಯಾದ ನನ್ನ ಪಾಲಿಗೆ ಬಂತು. ಔಷಧದಂಗಡಿಯವರು ಎರಡು ಬಗೆಗಳನ್ನು ತೋರಿಸಿದರು: ಒಂದು ಖನಿಜದ್ದು, ಇನ್ನೊಂದು ರಾಸಾಯನಿಕದ್ದು. ಖನಿಜವೆಂದರೆ ಮಣ್ಣಿನಿಂದ ಬಂದದ್ದು, ಆದುದರಿಂದ ನಿರ್ದೋಷವೆಂದು ಭಾವಿಸಿ, ಬೆಲೆ ಹೆಚ್ಚಾದರೂ ಅದನ್ನೇ ಕೊಂಡೆ. ಟ್ರಸ್ಟಿನ ಸಭೆಯಲ್ಲಿ ‘ಇದು ಅಹಿಂಸಕ ಲೇಪ’ ಎಂದು ಹೇಳಿಯೂ ಬಿಟ್ಟೆ.

ಉಳಿದ ಒಂದು ಟ್ಯೂಬು ಮನೆಗೆ ಬಂದಾಗ ಮೊಮ್ಮಗಳು ಅದರ ಹಿಂಬದಿಯನ್ನು ಓದಿದಳು. “ಅಜ್ಜ, ಇದರಲ್ಲಿ ಜೇನುಮೇಣ ಇದೆಯಲ್ಲ! ನಾವು ಜೇನು ತಿನ್ನುವುದಿಲ್ಲ, ಮೈಗೆ ಹಚ್ಚಬಹುದೇ?” ಎಂದಳು. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತು ಬಿಲ್ಲಿನ ಒಂದೊಂದು ಸಾಲನ್ನೂ ಪರಿಶೀಲಿಸಿದ ನಾನು ಈ ಸಾಲನ್ನು ಓದಿರಲಿಲ್ಲ.

ಆಮೇಲೆ ವಿಷಯವನ್ನು ಕ್ರಮವಾಗಿ ತಿಳಿದುಕೊಂಡೆ. ಖನಿಜ ಲೇಪದಲ್ಲಿ ಅತಿನೇರಳೆ ಕಿರಣಗಳನ್ನು ತಡೆಯುವುದು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್. ಇವು ಕನ್ನಡಿಯಂತೆ ಕಿರಣಗಳನ್ನು ಹಿಂದಿರುಗಿಸುತ್ತವೆಂಬುದು ಅರ್ಧಸತ್ಯ, ಬಹುಪಾಲನ್ನು ಹೀರಿಕೊಳ್ಳುತ್ತವೆ. ಚರ್ಮಕ್ಕೆ ಉರಿ ತರುವುದು ಕಡಿಮೆ, ಆದರೆ ಬಿಳಿಯ ಛಾಯೆ ಉಳಿಯುತ್ತದೆ. ರಾಸಾಯನಿಕ ಲೇಪದಲ್ಲಿರುವ ಆಕ್ಸಿಬೆಂಜೋನ್, ಅವೊಬೆಂಜೋನ್ ಮುಂತಾದವು ಹಚ್ಚಲು ಹಗುರ. ಆದರೆ ಅವು ಚರ್ಮದ ಮೂಲಕ ರಕ್ತವನ್ನು ಸೇರುತ್ತವೆಂದು 2019 ಮತ್ತು 2020ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಗಳು ತೋರಿಸಿದವು. ಅದರಿಂದ ಹಾನಿಯಾಯಿತೆಂದು ಅವು ಹೇಳಲಿಲ್ಲ. ಹವಳದ ಜೀವಿಗಳಿಗೆ ಕೇಡೆಂಬ ಕಾರಣಕ್ಕೆ ಹವಾಯಿ ರಾಜ್ಯವು 2021ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನೊಕ್ಸೇಟ್ ಇರುವ ಲೇಪಗಳ ಮಾರಾಟವನ್ನು ನಿಷೇಧಿಸಿದೆ. ಹವಳಕ್ಕೆ ದೊಡ್ಡ ಕುತ್ತು ಕಾದ ಸಮುದ್ರವೇ ಹೌದು. ಆದರೂ ನೇತ್ರಾಣಿಯ ನೀರಿಗಿಳಿಯುವ ನಮ್ಮ ಮಕ್ಕಳು ಇದನ್ನು ನೆನೆಯುವುದು ಒಳ್ಳೆಯದು.

ಹೀಗೆ ಲೆಕ್ಕ ಹಾಕಿದರೆ ಸಂಪೂರ್ಣ ನಿರ್ದೋಷವಾದದ್ದು ಯಾವುದೂ ಇಲ್ಲ. ಸತುವಿನ ಅದಿರಿಗೂ ಭೂಮಿಯನ್ನು ಅಗೆಯಬೇಕು; ಪೃಥ್ವೀಕಾಯ ಜೀವಗಳನ್ನು ಒಪ್ಪುವ ನಾವು ಅದನ್ನು ಮರೆಯಲಾಗದು. ಎರಡೂ ಬಗೆಗಳಲ್ಲಿ ಜೇನುಮೇಣ, ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಇರಬಹುದು. ಹಾಗೆಂದು ಎಲ್ಲವನ್ನೂ ತ್ಯಜಿಸಿ ಮಕ್ಕಳ ಮೈ ಸುಡಲು ಬಿಡುವುದು ವ್ರತವಲ್ಲ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದು, ತಪ್ಪಿಸಬಹುದಾದದ್ದು ಪ್ರಮಾದ. ನನ್ನ ದೋಷವು ಲೇಪದಲ್ಲಿರಲಿಲ್ಲ, ಓದದೆ ಹೇಳಿದ ಮಾತಿನಲ್ಲಿತ್ತು.

ಮುಂದಿನ ಸಭೆಯಲ್ಲಿ ಈ ತಪ್ಪನ್ನು ಒಪ್ಪಿಕೊಂಡೆ. ಯಾರೂ ನಗಲಿಲ್ಲ. ಈಗ ನಮ್ಮಲ್ಲಿ ಮೊದಲ ರಕ್ಷಣೆ ಚಪ್ಪರ, ಕೊಡೆ, ತುಂಬುತೋಳಿನ ಹತ್ತಿಯ ಅಂಗಿ. ಬಿಸಿಲೇರುವ ಮೊದಲೇ ಹೊರಗಿನ ಕೆಲಸ. ಉಳಿದ ಮೈಭಾಗಕ್ಕೆ ಪ್ರಾಣಿಜನ್ಯ ವಸ್ತುವಿಲ್ಲದ ಖನಿಜ ಲೇಪ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಎರಡು ಗಂಟೆಗೊಮ್ಮೆ. ಅದು ಒಗ್ಗದವರು ಬೇರೆಯದನ್ನು ಹಚ್ಚಿದರೆ ಯಾರೂ ಆಕ್ಷೇಪಿಸುವುದಿಲ್ಲ. ಕೊಳ್ಳುವ ಮೊದಲು ಸಣ್ಣಕ್ಷರಗಳನ್ನು ಓದುವ ಹೊಣೆಯನ್ನು ಮೊಮ್ಮಗಳಿಗೆ ವಹಿಸಿದ್ದೇವೆ. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ನಾನೂ ಓದುತ್ತೇನೆ.