ಹಳೆಯ ಮನೆ, ಹೊಸ ಸನ್ನದು

ಬರಿಯ ಬಯಲಿನಲ್ಲಿ ಹೊಸ ಮನೆಯನ್ನು ಕಟ್ಟುವವನ ಕಷ್ಟ ಒಂದು ಬಗೆಯದು. ವಾಸವಿರುವ ಮನೆಯನ್ನೇ ಬಿಚ್ಚಿ ಮತ್ತೆ ಕಟ್ಟುವವನ ಕಷ್ಟ ಇನ್ನೊಂದು ಬಗೆಯದು. ಈ ಎರಡನೆಯವನು ಒಂದು ಕೋಣೆಯ ಮಾಡನ್ನು ಇಳಿಸುವಾಗ ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಗೋಡೆ ಒಡೆಯುವ ಸದ್ದಿನ ನಡುವೆಯೇ ಒಲೆ ಉರಿಯಬೇಕು, ಅನ್ನ ಬೇಯಬೇಕು. ನಗರವೊಂದು ತನ್ನ ಆಡಳಿತದ ಸ್ವರೂಪವನ್ನು ಬದಲಾಯಿಸಿಕೊಳ್ಳಲು ಹೊರಟಾಗ ಅದರ ಪಾಡೂ ಇದೇ. ಕೊಳಾಯಿಗಳಲ್ಲಿ ನೀರು ನಿಲ್ಲುವಂತಿಲ್ಲ; ಬೆಂಕಿ ಆರಿಸುವವರು ರಜೆ ಹಾಕುವಂತಿಲ್ಲ; ಬೀದಿಯ ದೀಪಗಳು ಹೊಸ ಆಡಳಿತ ಬರಲೆಂದು ಕಾದು ಕುಳಿತಿರುವಂತಿಲ್ಲ. ಅಮೆರಿಕದ ಪಶ್ಚಿಮ ತೀರಕ್ಕೆ ಸೇರಿದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರವು 2022ರಿಂದ 2025ರವರೆಗೆ ಇಂಥದೊಂದು ಕಷ್ಟವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡಿತು.

ಅಮೆರಿಕದ ಅನೇಕ ನಗರಗಳಿಗೆ ತಮ್ಮದೇ ಆದ ಸನ್ನದು ಉಂಟು. ದೇಶಕ್ಕೆ ಸಂವಿಧಾನ ಹೇಗೋ ನಗರಕ್ಕೆ ಸನ್ನದು ಹಾಗೆ. ನಗರಸಭೆಯಲ್ಲಿ ಎಷ್ಟು ಜನ ಸದಸ್ಯರಿರಬೇಕು, ಅವರನ್ನು ಹೇಗೆ ಆರಿಸಬೇಕು, ಮೇಯರಿಗೆ ಯಾವ ಅಧಿಕಾರ, ಅಧಿಕಾರಿಗಳು ಯಾರಿಗೆ ಉತ್ತರ ಹೇಳಬೇಕು ಎಂಬುದೆಲ್ಲ ಅದರಲ್ಲಿ ನಿರ್ಣಯವಾಗಿರುತ್ತದೆ. ಪೋರ್ಟ್‌ಲ್ಯಾಂಡಿನ ಜನರು 1913ರಲ್ಲಿ ಒಂದು ವಿಶಿಷ್ಟ ಪದ್ಧತಿಯನ್ನು ಅಂಗೀಕರಿಸಿದ್ದರು. ಅದಕ್ಕೆ ಕಮಿಷನ್ ಪದ್ಧತಿಯೆಂದು ಹೆಸರು.

ಆ ಪದ್ಧತಿ ಹುಟ್ಟಿದ್ದು ಒಂದು ಮಹಾ ಅನಾಹುತದಿಂದ. 1900ರ ಸೆಪ್ಟೆಂಬರ್ 8ರಂದು ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರದ ಮೇಲೆ ಕಡಲಿನ ಬಿರುಗಾಳಿ ಎರಗಿತು. 6,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪಾಳುಬಿದ್ದ ಊರನ್ನು ಬೇಗನೆ ಎತ್ತಿ ನಿಲ್ಲಿಸಬೇಕಾಗಿತ್ತು; ದೀರ್ಘ ಚರ್ಚೆಗೆ ವ್ಯವಧಾನವಿರಲಿಲ್ಲ. ಆದ್ದರಿಂದ 1901ರಲ್ಲಿ ಅಲ್ಲಿ ಐವರ ಕೈಗೆ ಆಡಳಿತವನ್ನು ಒಪ್ಪಿಸಲಾಯಿತು. ಐವರೂ ಕೂಡಿ ಕುಳಿತಾಗ ಶಾಸನ ಮಾಡುವವರು. ಬೇರೆ ಬೇರೆಯಾದಾಗ ಒಬ್ಬೊಬ್ಬರೂ ಒಂದೊಂದು ಇಲಾಖೆಯ ಒಡೆಯರು. ಊರು ಚೇತರಿಸಿಕೊಂಡಿತು, ಕಡಲಿಗೆ ತಡೆಗೋಡೆ ಎದ್ದಿತು. ಈ ಯಶಸ್ಸನ್ನು ಕಂಡು ನೂರಾರು ನಗರಗಳು ಅದೇ ದಾರಿ ಹಿಡಿದವು. ಆದರೆ ಆಪತ್ಕಾಲದ ಧರ್ಮ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. ಒಂದೊಂದಾಗಿ ನಗರಗಳು ಈ ಪದ್ಧತಿಯನ್ನು ಕೈಬಿಟ್ಟವು. 1960ರಲ್ಲಿ ಗ್ಯಾಲ್ವೆಸ್ಟನ್ನೇ ಅದನ್ನು ತೊರೆಯಿತು. ದೊಡ್ಡ ನಗರಗಳಲ್ಲಿ ಕೊನೆಯವರೆಗೆ ಅದಕ್ಕೆ ಅಂಟಿಕೊಂಡಿದ್ದುದು ಪೋರ್ಟ್‌ಲ್ಯಾಂಡ್ ಒಂದೇ.

ಅಲ್ಲಿ ಮೇಯರೂ ಸೇರಿ ಐವರು ಸದಸ್ಯರಿದ್ದರು. ಯಾರಿಗೆ ಯಾವ ಇಲಾಖೆ ಎಂಬುದು ಮೇಯರ ಇಷ್ಟಕ್ಕೆ ಸೇರಿದ್ದು. ಮಾತಿನಲ್ಲಿ ಜಾಣರಾಗಿ ಚುನಾವಣೆ ಗೆದ್ದವರು ಮರುದಿನವೇ ನೀರು ಸರಬರಾಜಿನ ಯಜಮಾನರೋ ಅಗ್ನಿಶಾಮಕ ದಳದ ಹೊಣೆಗಾರರೋ ಆಗಬಹುದಾಗಿತ್ತು. ಒಬ್ಬರ ಇಲಾಖೆಯ ಲೋಪವನ್ನು ಇನ್ನೊಬ್ಬರು ಎತ್ತಿ ಆಡಲು ಹಿಂಜರಿಯುವರು. ನಾಳೆ ತಮ್ಮ ಇಲಾಖೆಗೂ ಅದೇ ಸರದಿ ಬರಬಹುದಷ್ಟೆ. ಇದಕ್ಕಿಂತ ಆಳವಾದ ಕೊರತೆ ಮತ್ತೊಂದಿತ್ತು. ಐವರನ್ನೂ ಇಡೀ ನಗರವೇ ಆರಿಸುತ್ತಿದ್ದುದರಿಂದ ಯಾವ ಮೊಹಲ್ಲೆಗೂ ತನ್ನವರೆಂಬ ಪ್ರತಿನಿಧಿ ಇರಲಿಲ್ಲ. ನಗರದ ಪೂರ್ವ ಭಾಗದ ಬಹುಪಾಲು 1980ರ ದಶಕದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ನಗರಕ್ಕೆ ಸೇರಿಕೊಂಡದ್ದು. ಅಲ್ಲಿನ ಎಷ್ಟೋ ಬೀದಿಗಳಿಗೆ ಕಾಲುದಾರಿಯಿಲ್ಲ. ಕೆಲವಕ್ಕೆ ಡಾಂಬರೂ ಇಲ್ಲ. ಆ ಭಾಗದಲ್ಲಿ ವಾಸವಿದ್ದು ನಗರಸಭೆಯನ್ನು ಹೊಕ್ಕವರು ಬೆರಳೆಣಿಕೆಯಷ್ಟು ಮಾತ್ರ. ಕಂದಾಯ ಕೊಡಲು ನಗರದವರು, ಅಹವಾಲು ಹೇಳಲು ಪರಸ್ಥಳದವರು ಎಂಬಂತಿತ್ತು ಅವರ ಸ್ಥಿತಿ.

ಪದ್ಧತಿಯನ್ನು ಬದಲಾಯಿಸುವ ಸೂಚನೆ ಹಲವು ಸಲ ಮತದಾರರ ಮುಂದೆ ಬಂದು ಸೋತಿತ್ತು. 2007ರಲ್ಲಿಯೂ ಸೋತಿತು. ಆದರೆ ಆ ವರ್ಷವೇ ಜನರು ಇನ್ನೊಂದು ಸಣ್ಣ ಸೂಚನೆಗೆ ಒಪ್ಪಿಗೆ ಕೊಟ್ಟರು: ಹತ್ತು ವರ್ಷಗಳಿಗೊಮ್ಮೆಯಾದರೂ ನಾಗರಿಕರ ಸಮಿತಿಯೊಂದು ಸನ್ನದನ್ನು ಪರಿಶೀಲಿಸಬೇಕು. ದೊಡ್ಡ ಮರವನ್ನು ನೆಡಲು ಒಲ್ಲದವರು ಬೀಜವನ್ನು ಮಾತ್ರ ಮಣ್ಣಿಗೆ ಹಾಕಿದರು. ಆ ಬೀಜ ಮೊಳೆಯಿತು. ಮುಂದೆ ರಚಿತವಾದ ಸಮಿತಿಯಲ್ಲಿ 20 ಜನರಿದ್ದರು. ಅವರಲ್ಲಿ 15 ಜನ ಒಪ್ಪಿದರೆ ನಗರಸಭೆಯ ಅನುಮತಿಯಿಲ್ಲದೆಯೇ ಸೂಚನೆಯು ನೇರವಾಗಿ ಜನರ ಮುಂದೆ ಹೋಗುವಂತಿತ್ತು. 17 ಜನ ಒಪ್ಪಿದರು. 2022ರ ನವೆಂಬರಿನಲ್ಲಿ ಮತದಾರರಲ್ಲಿ ನೂರಕ್ಕೆ ಸುಮಾರು 58 ಜನ ಹೊಸ ಸನ್ನದನ್ನು ಅಂಗೀಕರಿಸಿದರು. ಅದರಂತೆ ನಗರವು ನಾಲ್ಕು ಕ್ಷೇತ್ರಗಳಾಗಬೇಕು; ಕ್ಷೇತ್ರಕ್ಕೆ ಮೂವರಂತೆ 12 ಸದಸ್ಯರು ಬರಬೇಕು; ಸದಸ್ಯರು ಶಾಸನ ಮಾಡಬೇಕೇ ಹೊರತು ಇಲಾಖೆಗಳನ್ನು ಆಳಬಾರದು; ಇಲಾಖೆಗಳ ಮೇಲ್ವಿಚಾರಣೆಗೆ ಮೇಯರ ಕೈಕೆಳಗೆ ನಗರ ಆಡಳಿತಾಧಿಕಾರಿಯೊಬ್ಬರಿರಬೇಕು.

ಮತ ಎಣಿಕೆಯ ರಾತ್ರಿ ಗೆದ್ದವರು ಹರ್ಷಪಟ್ಟರು. ಆದರೆ ನಿಜವಾದ ಕೆಲಸ ಆರಂಭವಾದದ್ದು ಅಲ್ಲಿಂದ ಮುಂದೆ. ಹೊಸ ಆಡಳಿತ ಶುರುವಾಗಬೇಕಾದ ದಿನ 2025ರ ಜನವರಿ 1. ನಡುವೆ ಎರಡು ವರ್ಷ ಚಿಲ್ಲರೆ ಮಾತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಗಾದೆ. ಇಲ್ಲಿ ಒಡೆಯುವುದಕ್ಕೂ ಕುಂಬಾರನ ತಾಳ್ಮೆಯೇ ಬೇಕಾಗಿತ್ತು. ಏಕೆಂದರೆ ಹಳೆಯ ಮಡಕೆಯಲ್ಲಿ ನೀರು ತುಂಬಿತ್ತು. 13 ಜನರ ಸ್ವತಂತ್ರ ಸಮಿತಿ ಬಡಾವಣೆ ಬಡಾವಣೆಗಳ ಅಭಿಪ್ರಾಯ ಕೇಳಿ 2023ರಲ್ಲಿ ಕ್ಷೇತ್ರಗಳ ಗಡಿಯನ್ನು ಗುರುತಿಸಿತು. ಒಂದು ಕ್ಷೇತ್ರ ಪೂರ್ವ ಭಾಗಕ್ಕೇ ಮೀಸಲಾಯಿತು. ಐವರ ಕೈಯಲ್ಲಿ ಹಂಚಿಹೋಗಿದ್ದ ಇಲಾಖೆಗಳನ್ನು ಗುಂಪುಗೂಡಿಸಿ ಒಂದೇ ಆಡಳಿತದ ಅಡಿಗೆ ತರಬೇಕಾಯಿತು. ನಗರ ಸಭಾಭವನದಲ್ಲಿ ಐವರು ಕೂರುತ್ತಿದ್ದ ಕಡೆ ಹನ್ನೆರಡು ಆಸನಗಳಿಗೆ ಎಡೆ ಮಾಡಬೇಕಾಯಿತು.

ಈ ಕೆಲಸದ ವಿಚಿತ್ರವಾದ ಕಷ್ಟವೆಂದರೆ, ಅದನ್ನು ಮಾಡಬೇಕಾದವರು ಯಾರ ಅಧಿಕಾರ ಹೋಗಲಿತ್ತೋ ಅವರೇ. ತಾನು ಕುಳಿತ ಕೊಂಬೆಯನ್ನು ಕಡಿಯುವವನನ್ನು ಲೋಕ ಮೂರ್ಖನೆಂದು ನಗುತ್ತದೆ. ಆದರೆ ಪ್ರಜೆಗಳ ಅಪ್ಪಣೆಯ ಮೇರೆಗೆ ತನ್ನ ಕೊಂಬೆಯನ್ನು ತಾನೇ ಬಿಡಿಸಿಕೊಡುವವನನ್ನು ಏನೆನ್ನಬೇಕು? 2023ರಲ್ಲಿ ಸಭೆಯ ಇಬ್ಬರು ಸದಸ್ಯರು, ಜಾರಿಗೆ ಬರುವ ಮೊದಲೇ ಸನ್ನದಿನ ಕೆಲವು ಅಂಶಗಳನ್ನು ಮತ್ತೆ ಜನರ ಮುಂದಿಡೋಣವೆಂದರು. ಖರ್ಚು ಹೆಚ್ಚಾದೀತೆಂಬ ಅವರ ಶಂಕೆ ಬರಿಯ ನೆಪವಾಗಿರಲಿಲ್ಲ. ಆದರೂ ಆ ಸೂಚನೆ ಮುಂದುವರಿಯಲಿಲ್ಲ. ಸಭೆ ಮನಸ್ಸಿದ್ದೋ ಮನಸ್ಸಿಲ್ಲದೆಯೋ ತನ್ನ ಅಂತ್ಯದ ಸಿದ್ಧತೆಯನ್ನು ತಾನೇ ನಡೆಸಿತು.

2024ರ ನವೆಂಬರಿನಲ್ಲಿ ಚುನಾವಣೆ ನಡೆಯಿತು. ಹನ್ನೆರಡು ಸ್ಥಾನಗಳಿಗೆ 90ಕ್ಕೂ ಹೆಚ್ಚು ಜನ ನಿಂತಿದ್ದರು. ಮತದಾರನು ಒಬ್ಬರಿಗೇ ಗುರುತು ಹಾಕುವ ಬದಲು ತನಗೆ ಮೆಚ್ಚಿಗೆಯಾದವರನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಸೂಚಿಸಬೇಕಿತ್ತು. ತೀರ ಹಿಂದುಳಿದವರ ಮತಗಳು ಮತದಾರನ ಮುಂದಿನ ಆಯ್ಕೆಗೆ ಸಲ್ಲುವುವು. ನೂರರಲ್ಲಿ ಕಾಲುಭಾಗವನ್ನು ದಾಟಿದವರು ಗೆಲ್ಲುವರು. ಹಳೆಯ ಸಭೆಯ ಮೂವರು ಮೇಯರ್ ಪದವಿಗೆ ಸ್ಪರ್ಧಿಸಿ ಸೋತರು. ಹಿಂದೆ ಯಾವ ಪದವಿಯಲ್ಲಿಯೂ ಇರದಿದ್ದ, ಲಾರಿ ಸಾರಿಗೆಯ ಉದ್ಯಮಿ ಕೀತ್ ವಿಲ್ಸನ್ ಗೆದ್ದರು. ಪೂರ್ವ ಭಾಗಕ್ಕೆ ಮೊದಲ ಬಾರಿಗೆ ತನ್ನವರೇ ಆದ ಮೂವರು ಪ್ರತಿನಿಧಿಗಳು ದೊರೆತರು. ಆದರೆ ಅತ್ಯಂತ ಕಡಿಮೆ ಮತದಾನವಾದದ್ದೂ ಆ ಕ್ಷೇತ್ರದಲ್ಲೇ. ಬಹುಕಾಲ ಮುಚ್ಚಿದ್ದ ಬಾಗಿಲು ತೆರೆದೊಡನೆ ಎಲ್ಲರೂ ಒಳಗೆ ಬರುವುದಿಲ್ಲ. ತೆರೆದಿದೆಯೆಂಬ ನಂಬಿಕೆ ಹುಟ್ಟುವುದಕ್ಕೂ ಕಾಲ ಬೇಕು.

2025ರ ಜನವರಿ 2ರಂದು ಹೊಸ ಸಭೆ ಸೇರಿತು. ಮೊದಲ ಕೆಲಸ ಅಧ್ಯಕ್ಷರ ಆಯ್ಕೆ. ಹನ್ನೆರಡು ಸಮಸಂಖ್ಯೆ; ಆರು ಮತ ಈ ಕಡೆ, ಆರು ಮತ ಆ ಕಡೆ. ಮತ್ತೆ ಮತ ಹಾಕಿದರು. ಮತ್ತೆ ಅದೇ ಫಲ. ಕೊನೆಗೆ ಒಂಬತ್ತನೆಯ ಸುತ್ತಿನಲ್ಲಿ, ಮೊದಲು ಹೆಸರೇ ಇಲ್ಲದಿದ್ದ ಎಲಾನಾ ಪರ್ಟಲ್ ಗೈನಿ ಎಂಬ ಸದಸ್ಯೆ ಆಯ್ಕೆಯಾದರು. ಕಂಡವರಲ್ಲಿ ಕೆಲವರು ನಕ್ಕಿರಬಹುದು. ಕೆಲವರು, ಇದಕ್ಕಾಗಿಯೇ ಇಷ್ಟೆಲ್ಲ ಶ್ರಮಪಟ್ಟೆವೆ ಎಂದು ನಿಟ್ಟುಸಿರುಬಿಟ್ಟಿರಬಹುದು. ಆದರೆ ಹೊಸ ಮನೆಯ ಬಾಗಿಲು ಮೊದಲ ಮಳೆಗಾಲದಲ್ಲಿ ಬಿಗಿಯುವುದು ಸಹಜ. ಬಳಸುತ್ತ ಬಳಸುತ್ತ ಅದು ಸಡಿಲವಾಗುತ್ತದೆ. ಆಗದಿದ್ದರೆ ಬಡಗಿಯನ್ನು ಕರೆಸಬೇಕಾಗುತ್ತದೆ.

ಸನ್ನದು ಬರೆಯುವುದು ವಿವೇಕದ ಕೆಲಸ, ಅಂಗೀಕರಿಸುವುದು ಧೈರ್ಯದ ಕೆಲಸ. ಆದರೆ ಅಂಗೀಕಾರಕ್ಕೂ ಆಚರಣೆಗೂ ನಡುವಣ ಕಾಲವನ್ನು ದಾಟಿಸುವುದು ನಿಷ್ಠೆಯ ಕೆಲಸ. ಆ ಕೆಲಸಕ್ಕೆ ಜಯಕಾರವಿಲ್ಲ. ಗಡಿಯ ಗೆರೆ ಎಳೆದವರು, ಇಲಾಖೆಗಳ ಕಾಗದಪತ್ರ ಒಪ್ಪಿಸಿದವರು, ಹೊಸಬರಿಗಾಗಿ ಆಸನ ಹಾಕಿಸಿ ತಾವು ಎದ್ದುಹೋದವರು ಇವರೆಲ್ಲರ ಹೆಸರು ಬಹುಕಾಲ ಯಾರಿಗೂ ನೆನಪಿರುವುದಿಲ್ಲ. ಆ ಎರಡು ವರ್ಷವೂ ಪೋರ್ಟ್‌ಲ್ಯಾಂಡಿನ ಮನೆಗಳಲ್ಲಿ ಕೊಳಾಯಿ ತಿರುಗಿಸಿದಾಗ ನೀರು ಬರುತ್ತಿತ್ತು. ಅಧಿಕಾರ ಕೈಬದಲಾಗುತ್ತಿದೆಯೆಂಬುದು ಆ ನೀರಿಗೆ ತಿಳಿಯದಂತೆ ನಡೆದುಕೊಂಡದ್ದೇ ಅವರ ಹಿರಿಮೆ.