ಐದು ವಾಟಿನ ಗಂಟಲು

ಮಾವ ಅದನ್ನು ಕಟ್ಟಿದ್ದು ಗಣಪತಿ ಪೆಂಡಾಲುಗಳಿಗಾಗಿ. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಚೌತಿ ಬಂತೆಂದರೆ ಬೀದಿಗೊಂದು ಆರ್ಕೆಸ್ಟ್ರಾ ಏಳುತ್ತಿತ್ತು. ಸಾಲಸೋಲ ಮಾಡಿ ಗಿಟಾರನ್ನೇನೋ ತರಬಹುದು, ಅದರ ಸದ್ದನ್ನು ಬೀದಿಯ ಆ ತುದಿಗೆ ಮುಟ್ಟಿಸುವ ಆಂಪ್ಲಿಫೈಯರ್ ಮಾತ್ರ ಅವರ ತಂಡದಲ್ಲಿ ಯಾರ ಕೈಗೂ ಎಟುಕುತ್ತಿರಲಿಲ್ಲ. ಫೆಂಡರ್, ವಾಕ್ಸ್ ಎಂಬ ಹೆಸರುಗಳನ್ನು ರೆಕಾರ್ಡಿನ ರಟ್ಟಿನ ಮೇಲಿನ ಫೋಟೋಗಳಲ್ಲಿ ಕಂಡು ಸುಮ್ಮನಾಗಬೇಕಿತ್ತು. ಸುಮ್ಮನಾಗುವ ಜಾಯಮಾನ ಮಾವನದಲ್ಲ. ರೇಡಿಯೋ ರಿಪೇರಿ ಬೇರೆ ಗೊತ್ತಿತ್ತು. ಮನೆಮನೆಗೂ ಟ್ರಾನ್ಸಿಸ್ಟರ್ ಬಂದು ಹಳೆಯ ವಾಲ್ವ್ ರೇಡಿಯೋಗಳು ಅಟ್ಟ ಸೇರುತ್ತಿದ್ದ ಕಾಲ ಅದು. ಅಂಥದೊಂದರ ಹೊಟ್ಟೆ ಬಗೆದು ಟ್ರಾನ್ಸ್‌ಫಾರ್ಮರುಗಳನ್ನೂ ಎರಡು ವಾಲ್ವುಗಳನ್ನೂ ತೆಗೆದರು. ಇನ್ನೊಂದು ವಾಲ್ವನ್ನು ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದರು. ಅಲ್ಯುಮಿನಿಯಂ ತಗಡು ಬಗ್ಗಿಸಿ ಚಾಸಿ ಆಯಿತು. ಟೀ ಪುಡಿ ತುಂಬಿ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆ ಅದರ ಮನೆಯಾಯಿತು.

ಮಾವನ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಾಗ ಈ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಆಸ್ತಿ ಹಂಚಿಕೆಯಲ್ಲಿ ಯಾರೂ ತಕರಾರು ತೆಗೆಯದ ವಸ್ತು ಇದೊಂದೇ. ಒಳಗೆ ಇನ್ನೂ ಚಹದ ವಾಸನೆ ಇದೆ ಅನ್ನುತ್ತಾರೆ ಮಾವ. ನನ್ನ ಮೂಗಿಗೆ ಬಡಿದದ್ದು ಕರಗಿದ ಮೇಣ ಮತ್ತು ಕಾದ ಧೂಳು.

ವಾಲ್ವುಗಳ ಗಾಜಿನ ಮೇಲಿನ ಧೂಳೊರೆಸಿದರೆ ಬಿಇಎಲ್ ಎಂಬ ಅಕ್ಷರಗಳು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತ್ತು. ಈ ಪೆಟ್ಟಿಗೆಯಲ್ಲಿದ್ದವು ಮೂರು: ಎಸಿಯನ್ನು ಡಿಸಿ ಮಾಡುವ ಇಝಡ್80, ಗಿಟಾರಿನ ಪಿಸುಮಾತನ್ನು ಎತ್ತಿಕೊಡುವ ಇಸಿಸಿ83, ಅದನ್ನು ಸ್ಪೀಕರಿಗೆ ತಳ್ಳುವ ಇಎಲ್84. ಕೊನೆಯದು ಫಿಲಿಪ್ಸ್ ಕಂಪನಿ ಐವತ್ತರ ದಶಕದಲ್ಲಿ ಹೊರತಂದ ವಾಲ್ವು, ಒಂಟಿಯಾಗಿ ದುಡಿದರೆ ಐದು ವಾಟ್ ಚಿಲ್ಲರೆ ಕೊಡುತ್ತದೆ. ಇಂಗ್ಲೆಂಡಿನ ವಾಕ್ಸ್ ಕಂಪನಿ 1958ರ ಎಸಿ15ಕ್ಕೆ ಇದೇ ವಾಲ್ವನ್ನು ಎರಡು ಹಾಕಿತು. ಸದ್ದು ಸಾಲದು ಎಂಬ ಕೂಗೆದ್ದ ಮೇಲೆ ಎಸಿ30ಕ್ಕೆ ನಾಲ್ಕು. ಬೀಟಲ್ಸ್ ನುಡಿಸಿದ್ದು ಇವುಗಳಲ್ಲೇ. ನಮ್ಮ ಹಜಾರಗಳ ರೇಡಿಯೋಗಳಲ್ಲಿ ಕೂತು ವಾರ್ತೆ, ಕೃಷಿರಂಗ, ಬುಧವಾರ ರಾತ್ರಿಯ ಬಿನಾಕಾ ಗೀತಮಾಲಾ ಉಸುರುತ್ತಿದ್ದುದೂ ಇದೇ ಜಾತಿಯ ವಾಲ್ವು. ಅದರೊಳಗೊಬ್ಬ ರೌಡಿ ಇದ್ದಾನೆಂಬುದು ಹಜಾರದಲ್ಲಿ ಕೂತವರಿಗೆ ತಿಳಿಯುವ ಸಂಭವವಿರಲಿಲ್ಲ.

ರಿಪೇರಿಗೆ ಮುಂಚೆ ಪ್ರಾಣ ಉಳಿಸಿಕೊಳ್ಳುವ ಕೆಲಸ. ವಾಲ್ವ್ ಪೆಟ್ಟಿಗೆಯೊಳಗೆ 250 ವೋಲ್ಟ್ ಮೇಲ್ಪಟ್ಟ ಡಿಸಿ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ತಂಗಿರುತ್ತದೆ. ಅದನ್ನು ಒಂದು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು. ಕರೆಂಟ್ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕವೇ ದಾರಿ ಹುಡುಕುತ್ತದೆ. ಮಾವ ಹಾಕಿದ್ದು ಎರಡು ಪಿನ್ನಿನ ಪ್ಲಗ್, ಚಾಸಿಗೆ ಅರ್ಥ್ ಇಲ್ಲ. ಆ ಕಾಲದ ಹಾಡುಗಾರರು ಮೈಕಿಗೆ ತುಟಿ ತಾಗಿದೊಡನೆ ತಾಳ ತಪ್ಪಿ ಹಾರುತ್ತಿದ್ದುದರ ಗುಟ್ಟು ಇದೇ. ನಾನು ಮೊದಲು ಹಾಕಿಸಿದ್ದು ಮೂರು ಪಿನ್ನು.

ಆಮೇಲೆ ಮೇಣದ ಕಾಗದದ ಕಪ್ಲಿಂಗ್ ಕಂಡೆನ್ಸರು. ಅದರ ಕೆಲಸ ಹಿಂದಿನ ವಾಲ್ವಿನ ಸದ್ದನ್ನಷ್ಟೇ ದಾಟಿಸಿ ಡಿಸಿಯನ್ನು ತಡೆಯುವುದು. ವಯಸ್ಸಾದಂತೆ ಅದು ಸೋರುತ್ತದೆ. ಮುಂದಿನ ವಾಲ್ವಿನ ಗ್ರಿಡ್ಡಿಗೆ ಬರಬಾರದ ವೋಲ್ಟೇಜು ಬಂದು, ಕಡಿವಾಣ ಸಡಿಲಿ, ಇಎಲ್84ರ ಪ್ಲೇಟು ಕೆಂಡದ ಹಾಗೆ ಕೆಂಪಾಗುತ್ತದೆ. ನೋಡಲು ಸೊಗಸು, ವಾಲ್ವಿಗೆ ಸಾವು.

ಇನ್ನು ಸ್ವಿಚ್ ಹಾಕಿದೊಡನೆ ಏಳುವ ಗುಂಯ್. ಈ ಗುಂಯ್‌ಗುಡುವಿಕೆಗೆ ಶ್ರುತಿ ಇದೆ ಎಂದರೆ ನಂಬುತ್ತೀರೋ ಇಲ್ಲವೋ. ಫಿಲ್ಟರ್ ಕಂಡೆನ್ಸರುಗಳು ಒಣಗಿದರೆ ಬರುವುದು 100 ಹರ್ಟ್ಸ್. ಗಿಟಾರಿನ ದಪ್ಪ ತಂತಿಯ ಮೂರನೆಯ ಮನೆಯ ಜಿ ಸ್ವರ 98. ಅಂದರೆ ಆ ಸ್ವರ ನುಡಿಸಿ ಪಕ್ಕದಲ್ಲಿಟ್ಟು ಕೇಳಿದರೆ ಗುಂಯ್ ಕೊಂಚವೇ ಏರು. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಗುನುಗಿದರೆ ಅದು 50 ಹರ್ಟ್ಸ್, ವಾಲ್ವುಗಳನ್ನು ಕಾಯಿಸುವ ಹೀಟರ್ ತಂತಿಗಳ ಕಿತಾಪತಿ. ನನ್ನ ಪೆಟ್ಟಿಗೆಯಲ್ಲಿ ಎರಡೂ ಜುಗಲ್‌ಬಂದಿ ನಡೆಸಿದ್ದವು. ಫಿಲ್ಟರುಗಳನ್ನು ಹೊಸದು ಹಾಕಿದೆ. ದೊಡ್ಡದು ಹಾಕಿದಷ್ಟೂ ಒಳ್ಳೆಯದು ಎಂಬ ಆಸೆ ಇಲ್ಲಿ ನಡೆಯದು: ಇಝಡ್80ರ ಎದುರಿನ ಮೊದಲ ಕಂಡೆನ್ಸರು 50 ಮೈಕ್ರೋಫ್ಯಾರಡ್ ಮೀರಿದರೆ, ಅದನ್ನು ತುಂಬಿಸುವ ಭರದಲ್ಲಿ ವಾಲ್ವೇ ಸೋಲುತ್ತದೆ. ಹೆಚ್ಚಿನದೇನಿದ್ದರೂ ಒಂದು ರೆಸಿಸ್ಟರ್ ದಾಟಿದ ಮೇಲೆ. ಹೀಟರಿನ ಎರಡು ತಂತಿಗಳನ್ನು ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿದೆ, ಅಲ್ಲಲ್ಲಿ ಚದುರಿದ್ದ ಅರ್ಥ್‌ಗಳನ್ನು ಒಂದೇ ಕಡೆ ಕೂಡಿಸಿದೆ. ಗುಂಯ್ ಹೋಯಿತು ಎನ್ನುವುದು ಉತ್ಪ್ರೇಕ್ಷೆ. ಪಕ್ಕದ ಕೋಣೆಗೆ ಹೋಯಿತು.

ಸದ್ದು ಶುದ್ಧವಾದ ಮೇಲೆ ಪಂಚಾಯ್ತಿ ಶುರುವಾಯಿತು. ಈ ಪೆಟ್ಟಿಗೆ ವಾಲ್ಯೂಮ್ ಅರ್ಧ ದಾಟಿದೊಡನೆ ಒಡೆದ ದನಿಯಲ್ಲಿ ಗೊರಗುಟ್ಟುತ್ತದೆ. ರೇಡಿಯೋ ಎಂಜಿನಿಯರಿನ ಕಣ್ಣಿಗೆ ಇದು ಶುದ್ಧಾಂಗ ದೋಷ. ಲಿಯೋ ಫೆಂಡರ್ ಕೂಡ ಹಾಗೇ ತಿಳಿದಿದ್ದವನು. ಗಿಟಾರ್ ನುಡಿಸಲು ಬಾರದ ಆತ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ; ಮುಂದೆ ಮಾಡಿದ ಆಂಪ್ಲಿಫೈಯರುಗಳಲ್ಲಿ ಸದ್ದು ಒಡೆಯದಂತೆ ನೋಡಿಕೊಳ್ಳಲು ಹೆಣಗಿದ. ನುಡಿಸುವವರೋ, ಒಡೆಯುವ ತನಕ ತಿರುಗಿಸಿದರು. ಅವನ ಬಾಸ್‌ಮ್ಯಾನ್ ಸರ್ಕ್ಯೂಟನ್ನೇ ಹಿಡಿದು 1962ರಲ್ಲಿ ಲಂಡನ್ನಿನ ಡ್ರಮ್ ವ್ಯಾಪಾರಿ ಜಿಮ್ ಮಾರ್ಷಲ್‌ನ ಅಂಗಡಿಯಲ್ಲಿ, ಅಲ್ಲಿ ಸಿಗುವ ಸಾಮಾನಿನಿಂದ ಕಟ್ಟಿದ್ದೇ ಮುಂದೆ ರಾಕ್ ಸಂಗೀತದ ಗರ್ಜನೆಯಾಯಿತು. ಕಿಂಕ್ಸ್ ತಂಡದ ಡೇವ್ ಡೇವಿಸ್ ಇನ್ನೂ ಮುಂದೆ ಹೋಗಿ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ. 1964ರ ಅವರ ಹಾಡಿನಲ್ಲಿ ಕೇಳುವುದು ಆ ಹರುಕಿನ ದನಿ. ಇಷ್ಟೆಲ್ಲ ಗೊತ್ತಿದ್ದೂ, ಕೈಯಲ್ಲಿ ಸೋಲ್ಡರಿಂಗ್ ಐರನ್ ಇರುವಾಗ ಮನುಷ್ಯನಿಗೆ ತಿದ್ದುವ ಚಪಲ ತಪ್ಪದು.

ಅಕ್ಕ ಸಂಗೀತದ ಮೇಷ್ಟ್ರು. ನನ್ನ ಗೊರಗಾಟ ಅವಳ ಪಾಠಕ್ಕೆ ಅಡ್ಡಿಯಾಗಿ ಜಗಳಕ್ಕೆ ಬಂದವಳು, ಒಂದು ತಂತಿಯನ್ನು ಮತ್ತೆ ಮೀಟು ಎಂದಳು. ಮೀಟಿದೆ.

“ಮೇಲಿನ ಷಡ್ಜ ಚೆನ್ನಾಗಿ ಬರ್ತಿದೆಯಲ್ಲೋ!”

“ಇದು ಡಿಸ್ಟಾರ್ಷನ್ ಅಕ್ಕ, ತೆಗೀಬೇಕು ಅಂತಿದ್ದೀನಿ.”

“ಹಂಗಂತೀಯ? ನಾನು ತಂಬೂರಿಗೆ ಜೀವಾಳಿ ದಾರ ಇಟ್ಟು ಝೇಂಕಾರ ಬರಿಸ್ತೀನಲ್ಲ, ಅದನ್ನೂ ರಿಪೇರಿ ಮಾಡಿಬಿಡು.”

ಅವಳ ಕಿವಿ ಸುಳ್ಳು ಹೇಳಿರಲಿಲ್ಲ. ಒಂಟಿ ವಾಲ್ವು ಮೇಲೊಂದು ಕೆಳಗೊಂದು ರೀತಿಯಲ್ಲಿ ಅಲೆಯನ್ನು ವಾರೆ ಮಾಡುತ್ತದೆ. ಆಗ ಹುಟ್ಟುವ ಎರಡನೆಯ ಹಾರ್ಮೋನಿಕ್ ನುಡಿಸಿದ ಸ್ವರದ ಮೇಲಿನ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ. ಗಿಟಾರು ನುಡಿಸದ ಸ್ವರಗಳನ್ನು ಪೆಟ್ಟಿಗೆ ತನ್ನ ಕೈಯಿಂದ ಹಾಕಿ ಹಾಡುತ್ತಿರುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರ ಮಾಡುವ ಕೆಲಸದ ದಾರಿ ಬೇರೆ, ಫಲ ಮಾತ್ರ ಹತ್ತಿರದ್ದು. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಬಗ್ಗೆ ಬರೆದಾಗ ಅವರನ್ನು ಬೆರಗಾಗಿಸಿದ್ದು ಇದೇ: ಮೀಟಿದ ಜಾಗದ ಲೆಕ್ಕದಲ್ಲಿ ಕೇಳಲೇಬಾರದ ಉಪಸ್ವರಗಳು ಈ ವಾದ್ಯಗಳಲ್ಲಿ ಢಾಳಾಗಿ ಕೇಳುತ್ತವೆ. ನಮ್ಮ ಕುಶಲಕರ್ಮಿಗಳು ಬೇಕೆಂದೇ ಕುದುರೆಯನ್ನು ಬಾಗಿಸಿ ಸದ್ದನ್ನು ಕೆಡಿಸಿದ್ದರು. ಗುಂಯ್ ಎಂಬುದು ಹೊರಗಿನಿಂದ ಬಂದು ಕೂತದ್ದು, ತಂತಿ ಮೀಟದಿದ್ದರೂ ಬಡಬಡಿಸುತ್ತದೆ. ಗೊರಗು ಹಾಗಲ್ಲ, ಬೆರಳು ಮೆಲ್ಲಗಾದರೆ ತಾನೂ ಮೆಲ್ಲಗಾಗುತ್ತದೆ. ಮೊದಲನೆಯದನ್ನು ಓಡಿಸಿದ್ದೇ ಸಾಕೆನಿಸಿತು.

ಅಲ್ಲಿಂದ ನನ್ನ ಕೆಲಸ ತಿರುಗುಮುರುಗಾಯಿತು. ಸ್ಪೀಕರಿನ ಕಡೆಯಿಂದ ಒಂದಿಷ್ಟು ಸದ್ದನ್ನು ಹಿಂದಕ್ಕೆ ತಂದು ಉಲ್ಟಾ ಬೆರೆಸಿ ದನಿಯನ್ನು ಸಭ್ಯಗೊಳಿಸುವ ಒಂದು ತಂತಿಯನ್ನು ಮಾವ ರೇಡಿಯೋದಲ್ಲಿದ್ದ ಹಾಗೇ ಉಳಿಸಿಕೊಂಡಿದ್ದರು. ಅದನ್ನು ಕತ್ತರಿಸಿದೆ, ವಾಕ್ಸ್ ಎಸಿ30ರಲ್ಲೂ ಅದಿಲ್ಲ. ಇಝಡ್80 ಕಿತ್ತು ಡಯೋಡ್ ಹಾಕು ಎಂದವರ ಮಾತು ಕೇಳಲಿಲ್ಲ. ಜೋರಾಗಿ ಬಾರಿಸಿದಾಗ ಆ ವಾಲ್ವಿನಲ್ಲಿ ವೋಲ್ಟೇಜು ಅರೆಕ್ಷಣ ಕುಸಿದು ಮತ್ತೆ ಏಳುತ್ತದೆ, ಸ್ವರ ಬಿಕ್ಕಿ ಅರಳುತ್ತದೆ. ಡಯೋಡಿಗೆ ಆ ಬಿಂಕ ಬಾರದು. ಕ್ಯಾಥೋಡಿನ 25 ಮೈಕ್ರೋಫ್ಯಾರಡ್ ಕಂಡೆನ್ಸರಿನ ಜಾಗಕ್ಕೆ 1 ಹಾಕಿದ್ದರಿಂದ ಮಂದ್ರದ ಗೊಜ್ಜು ತಿಳಿಯಾಯಿತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮಾತ್ರ ಬದಲಿಸಲೇಬೇಕಾಯಿತು. ಅಂಗೈಯಲ್ಲಿ ಮುಚ್ಚಬಹುದಾದ ರೇಡಿಯೋ ಕಬ್ಬಿಣ, ದಪ್ಪ ತಂತಿ ಮೀಟಿದರೆ ಉಸಿರುಗಟ್ಟುತ್ತಿತ್ತು. ಎಸ್.ಪಿ. ರೋಡಿನ ಹಿಂದಿನ ಗಲ್ಲಿಯ ವೈಂಡಿಂಗ್ ಅಂಗಡಿಯವರಿಗೆ ಈ ಟ್ರಾನ್ಸ್‌ಫಾರ್ಮರಿನಲ್ಲಿ ಸದಾ ಡಿಸಿ ಹರಿಯುತ್ತದೆ, ಪಟ್ಟಿಗಳ ನಡುವೆ ಕಾಗದದಷ್ಟು ಸಂದು ಬಿಡಬೇಕು ಎಂದು ವಿವರಿಸಲು ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, “ಗೊತ್ತು ಬಿಡಿ ಸಾರ್, ನಮ್ಮಪ್ಪ ಬರೀ ಇದನ್ನೇ ಸುತ್ತಿದ್ದು” ಎಂದು ನನ್ನ ಬಾಯಿ ಮುಚ್ಚಿಸಿದರು.

ಇಸಿಸಿ83ರ ಒಂದೇ ಗಾಜಿನೊಳಗೆ ಎರಡು ವಾಲ್ವುಗಳ ಸಂಸಾರ. ಮಾವ ಒಂದನ್ನು ಗಿಟಾರಿಗೂ ಇನ್ನೊಂದನ್ನು ಹಾಡುಗಾರನ ಮೈಕಿಗೂ ಕೊಟ್ಟಿದ್ದರು. ನಾನು ಮೈಕಿನ ತೂತು ಮುಚ್ಚಿ ಎರಡನ್ನೂ ಒಂದರ ಹಿಂದೊಂದು ಗಿಟಾರಿಗೇ ಜೋಡಿಸಿದೆ. ಗೊರಗು ಕೊಬ್ಬಿತು.

ಒಂದು ಭಾನುವಾರ ಮಾವನನ್ನು ಕರೆದು ತಂದು ಗಿಟಾರು ಕೈಗಿತ್ತೆ. ಸ್ವಿಚ್ ಹಾಕಿದೆ. ಅವರು ಕಿವಿ ಹತ್ತಿರ ತಂದರು.

“ಆನ್ ಆಗಿಲ್ಲ ಕಣೋ.”

“ಆಗಿದೆ ಮಾವ, ಗುಂಯ್ ತೆಗೆದಿದ್ದೀನಿ.”

“ಗುಂಯ್ ಅನ್ನದಿದ್ರೆ ಆನ್ ಆಗಿದೆ ಅಂತ ತಿಳಿಯೋದಾದ್ರೂ ಹೆಂಗೆ?” ಎನ್ನುತ್ತ ಹಳೆಯ ಯಾವುದೋ ಹಾಡಿನ ಬಿಜಿಎಂ ನುಡಿಸಿದರು. ಬೆರಳು ತಡವರಿಸಿದರೂ ದನಿ ಗೋಡೆಗೆ ಬಡಿದು ಬಂತು. ಅಕ್ಕನ ಶಿಷ್ಯೆಯರು ಬಾಗಿಲಿಗೆ ಬಂದು ನಿಂತರು. ಮಾವ ಮಾತ್ರ ಹೊಗಳಲಿಲ್ಲ. ಪೆಟ್ಟಿಗೆಯ ಮುಂದೆ, ಹಿಂದೆ ತಡಕಾಡಿದರು.

“ಮೈಕ್ ಎಲ್ಲಿ ಸಿಗಿಸೋದು?”

“ಅದನ್ನ ತೆಗೆದೆ. ಇದು ಗಿಟಾರ್ ಆಂಪ್ಲಿಫೈಯರ್ ಮಾವ.”

“ಯಾವನೋ ಹೇಳಿದ್ದು ನಿಂಗೆ? ಇದು ಆರ್ಕೆಸ್ಟ್ರಾದ ಆಂಪ್ಲಿಫೈಯರ್. ಹಾಡೋನು ಏನು ಮಾಡ್ಬೇಕು, ಬಾಯಿ ಆಡಿಸ್ಬೇಕಾ?”

ಇನ್ನೊಂದು ಇಸಿಸಿ83ಕ್ಕೆ ಹೀಟರ್ ಕರೆಂಟು 0.3 ಆಂಪಿಯರ್ ಸಾಕು. ಪವರ್ ಟ್ರಾನ್ಸ್‌ಫಾರ್ಮರು ಹಿಂದೆ ಇಡೀ ರೇಡಿಯೋದ ವಾಲ್ವುಗಳನ್ನು ಸಾಕಿದ್ದು, ಒಂದು ಹೆಚ್ಚಾದರೆ ಗೊಣಗದು. ನಾನು ಈ ಲೆಕ್ಕ ಮುಗಿಸುವಷ್ಟರಲ್ಲಿ ಮಾವ ಅಕ್ಕನ ಪಾಠದ ಪೆನ್ಸಿಲು ಇಸಿದುಕೊಂಡು, ಚಾಸಿಯ ಮೇಲೆ ಸಾಕೆಟ್ಟಿನ ತೂತಿಗೆ ಗುರುತು ಹಾಕುತ್ತಿದ್ದರು.