ಶರಾವತಿಯ ಹಿನ್ನೀರಿನಲ್ಲಿ ಕ್ರಿಸ್‌ಮಸ್ ರಜೆ

ಡಿಸೆಂಬರು ತಿಂಗಳ ಕೊನೆಯ ವಾರ ಸಮೀಪಿಸಿತೆಂದರೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಒಂದು ಬಗೆಯ ಸಡಗರ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ದಸರೆಯ ರಜೆಯನ್ನು ಮೊಟಕುಗೊಳಿಸಿ, ಉಳಿಸಿದ ದಿನಗಳನ್ನು ಕ್ರಿಸ್‌ಮಸ್ಸಿಗೆ ಕೊಡುವ ಪದ್ಧತಿ ಕ್ರೈಸ್ತ ಸಂಸ್ಥೆಗಳ ಅನೇಕ ಶಾಲೆಗಳಲ್ಲಿ ನಡೆದುಬಂದಿದೆ. ಅಲ್ಲಿ ಓದುವ ಮಕ್ಕಳ ಮನೆಗಳಲ್ಲಿ, ಅವರು ಯಾವ ಮತದವರೇ ಆಗಿರಲಿ, ಕ್ರಿಸ್‌ಮಸ್ ರಜೆ ಒಂದು ಹಬ್ಬವೇ ಆಗಿದೆ. ಮಳೆ ಹೋಗಿ ಬಹಳ ದಿನಗಳಾಗಿರುತ್ತವೆ. ಬಿಸಿಲಿನ ಬೇಗೆ ಇನ್ನೂ ಬಂದಿರುವುದಿಲ್ಲ. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

2024ರ ಡಿಸೆಂಬರಿನಲ್ಲಿ ಮಲ್ಲೇಶ್ವರದ ಒಂದು ಕುಟುಂಬವೂ ಪ್ರವಾಸದ ಯೋಚನೆಯಲ್ಲಿ ಮುಳುಗಿತ್ತು. ಮನೆಯ ಯಜಮಾನರು ಬ್ಯಾಂಕಿನ ಅಧಿಕಾರಿ. ಅವರ ಪತ್ನಿ ಶಾಲೆಯ ಉಪಾಧ್ಯಾಯಿನಿ. ಹದಿಮೂರು ವರ್ಷದ ಮಗಳು ಸಮುದ್ರತೀರಕ್ಕೆ ಹೋಗೋಣವೆಂದಳು. ಎಂಟು ವರ್ಷದ ಮಗ ಜೋಗವನ್ನು ನೋಡಲೇಬೇಕೆಂದು ಹಟ ಹಿಡಿದ. ಈ ಚರ್ಚೆ ನಡೆಯುತ್ತಿದ್ದಾಗ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಎಪ್ಪತ್ನಾಲ್ಕು ವರ್ಷದ ಅಮ್ಮಮ್ಮ, ಯಾರೂ ಕೇಳದೆ ಇದ್ದರೂ, ಮೆಲ್ಲನೆ ನುಡಿದರು: “ಜೋಗಕ್ಕೆ ಹೋಗುವುದಾದರೆ ನಾನೂ ಬರುತ್ತೇನೆ. ಹಾಗೇ ಹೊಳೆ ದಾಟಿ ಅಣ್ಣನನ್ನು ನೋಡಿಕೊಂಡು ಬರೋಣ.”

ಮಗ ಸೊಸೆ ಇಬ್ಬರೂ ಬೆರಗಾದರು. ಆ ಹೊಳೆಯನ್ನು ದಾಟುವುದಿಲ್ಲವೆಂದು ಅಮ್ಮಮ್ಮ ಅರುವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು. ಹೇಳಿದಂತೆ ನಡೆದುಕೊಂಡೂ ಇದ್ದರು.

ಇದರ ಕಾರಣವನ್ನು ತಿಳಿಯಬೇಕಾದರೆ ಶರಾವತಿಯ ಕಥೆಯನ್ನು ಸ್ವಲ್ಪ ತಿಳಿಯಬೇಕು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿ ಪಶ್ಚಿಮಕ್ಕೆ ಹರಿದು, ಜೋಗದಲ್ಲಿ 253 ಮೀಟರು ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ಅದರ ಬಲದಿಂದ ವಿದ್ಯುತ್ತನ್ನು ಉತ್ಪಾದಿಸುವ ಸಲುವಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಅಷ್ಟು ಸಾಲದೆಂದು 1964ರಲ್ಲಿ ಅದಕ್ಕಿಂತ ಕೆಳಗೆ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವ ಈ ಜಲಾಶಯ ಎಷ್ಟು ವಿಶಾಲವೆಂದರೆ, ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿಹೋಯಿತು! ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಮಾತ್ರ ಅದರ ಕಲ್ಲಿನ ಗೋಡೆಗಳು ತಲೆ ತೋರಿಸುತ್ತವೆ. ಅಣೆಕಟ್ಟಿನೊಡನೆ ಕಾಡು, ಗದ್ದೆ, ಅಡಿಕೆ ತೋಟ, ದೇವಸ್ಥಾನ, ಹಳ್ಳಿಗಳೂ ಮುಳುಗಿದವು. ಎರಡೆರಡು ಸಲ ಮನೆ ಕಳೆದುಕೊಂಡ ಕುಟುಂಬಗಳೂ ಉಂಟು.

ಅಮ್ಮಮ್ಮನ ತವರೂರು ಹೀಗೆ ಮುಳುಗಿದವುಗಳಲ್ಲಿ ಒಂದು. ಆಗ ಆಕೆಗೆ ಹದಿಮೂರು ವರ್ಷ. ಊರು ಚದುರಿತು. ತಂದೆತಾಯಿಗಳು ಶಿವಮೊಗ್ಗದ ಕಡೆಗೆ ಬಂದರು. ಹಿರಿಯ ಅಣ್ಣ ಮಾತ್ರ ಹೊಳೆಯಾಚೆಯ ಗುಡ್ಡದ ನೆತ್ತಿಯಲ್ಲಿ ಉಳಿದುಕೊಂಡ. ಮುಂದೆ ಮದುವೆ ಮುಂಜಿಗಳಲ್ಲಿ ಅಣ್ಣತಂಗಿಯರು ಸಾಗರದಲ್ಲೋ ಶಿವಮೊಗ್ಗದಲ್ಲೋ ಭೇಟಿಯಾಗುತ್ತಿದ್ದರು. ತಂಗಿ ಅಲ್ಲಿಗೆ ಹೋಗುತ್ತಿರಲಿಲ್ಲ, ಅಣ್ಣನೇ ಬರುತ್ತಿದ್ದ. ಈಗ ಅಣ್ಣನಿಗೆ ಎಂಬತ್ತೆರಡು. ಮೊಣಕಾಲು ನೋವಿನಿಂದ ಮನೆಯ ಮೆಟ್ಟಿಲಿಳಿಯುವುದೂ ಕಷ್ಟವಾಗಿತ್ತು. ಇನ್ನು ಅವನು ಬರಲಾರನೆಂದು ತಿಳಿದ ಮೇಲೆ ಅಮ್ಮಮ್ಮನ ಹಟ ಸಡಿಲಿತ್ತು.

ಡಿಸೆಂಬರು 24ರ ರಾತ್ರಿ ಕುಟುಂಬ ತಾಳಗುಪ್ಪದ ರೈಲನ್ನು ಹತ್ತಿತು. ಹೊರಡುವ ಮುನ್ನ ನೆರೆಮನೆಯ ಮಂಗಳೂರಿನ ಕ್ರೈಸ್ತ ಕುಟುಂಬದವರು ಒಂದು ಡಬ್ಬಿಯನ್ನು ಕೈಗಿತ್ತರು. ಹಬ್ಬಕ್ಕೆಂದು ಅವರು ಮಾಡುವ ತಿಂಡಿಗಳಿಗೆಲ್ಲ ಸೇರಿಸಿ ಕುಸ್ವಾರ್ ಎಂದು ಹೆಸರು. “ಅಜ್ಜಿಗೆಂದು ಚಕ್ಕುಲಿ, ಎಳ್ಳುಂಡೆಗಳನ್ನೇ ಹೆಚ್ಚು ಹಾಕಿದ್ದೇನೆ, ಯಾವುದರಲ್ಲೂ ಮೊಟ್ಟೆಯಿಲ್ಲ” ಎಂದು ಆ ಮನೆಯಾಕೆ ಭರವಸೆಯನ್ನೂ ಕೊಟ್ಟಿದ್ದರು.

ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಮಲೆನಾಡಿನ ಮಂಜು ಹಳಿಗಳ ಮೇಲೆ ಇನ್ನೂ ಮಲಗಿತ್ತು. ಕ್ರಿಸ್‌ಮಸ್ಸಿನ ದಿನವಾದ್ದರಿಂದ ಊರಿನ ಇಗರ್ಜಿಯಲ್ಲಿ ಗಂಟೆ ಮೊಳಗುತ್ತಿತ್ತು. ಮಕ್ಕಳ ಒತ್ತಾಯಕ್ಕೆ ಎಲ್ಲರೂ ಅಲ್ಲಿಗೆ ಹೋದರು. ಒಂದು ಮೂಲೆಯಲ್ಲಿ ಹುಲ್ಲಿನ ಮಾಡು, ದನಕರು, ಕುರಿಗಾಹಿಗಳು, ನಡುವೆ ಶಿಶು ಏಸು ಇದ್ದ ಗೋದಲಿಯನ್ನು ಅಂದವಾಗಿ ಕಟ್ಟಿದ್ದರು. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಸಂತ ಫ್ರಾನ್ಸಿಸರು ಮೊದಲ ಗೋದಲಿಯನ್ನು ಏರ್ಪಡಿಸಿದರೆಂಬ ವಿಷಯವನ್ನು ಮಗಳು ಶಾಲೆಯಲ್ಲಿ ಕಲಿತಿದ್ದಳು. ಅದನ್ನು ತಮ್ಮನಿಗೆ ವಿವರಿಸಿದಳು. ಅಮ್ಮಮ್ಮ ಗೋದಲಿಯನ್ನು ಬಹಳ ಹೊತ್ತು ನೋಡಿ, “ಇವರಿಗೂ ತಂಗಲು ಮನೆ ಸಿಕ್ಕಿರಲಿಲ್ಲವಂತೆ” ಎಂದರು.

ಸಾಗರದ ಕ್ರೈಸ್ತ ಕುಟುಂಬವೊಂದರಿಂದಲೇ ಬಂದ ನಾ. ಡಿಸೋಜ ಅವರು ಈ ಮುಳುಗಡೆಯ ನೋವನ್ನು ಕನ್ನಡ ಕಾದಂಬರಿಗೆ ತಂದವರೆಂಬುದನ್ನು ಇಲ್ಲಿ ನೆನೆಯಬೇಕು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಜನರ ಪಾಡನ್ನು ಹತ್ತಿರದಿಂದ ಕಂಡಿದ್ದ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕೃತಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಈ ಪ್ರವಾಸ ಮುಗಿದ ಕೆಲವೇ ದಿನಗಳಲ್ಲಿ, 2025ರ ಜನವರಿ 5ರಂದು, ಡಿಸೋಜರು ಕಾಲವಾದರು.

ಅಂದು ಮಧ್ಯಾಹ್ನ ಕುಟುಂಬ ಸಮೀಪದ ಇಕ್ಕೇರಿಗೆ ಹೋಯಿತು. ಕೆಳದಿಯ ನಾಯಕರಿಗೆ ಒಮ್ಮೆ ರಾಜಧಾನಿಯಾಗಿದ್ದ ಇಕ್ಕೇರಿಯಲ್ಲಿ ಅರಮನೆ, ಕೋಟೆಗಳು ಅಳಿದು ಅಘೋರೇಶ್ವರ ದೇವಾಲಯ ಉಳಿದಿದೆ. ಎದುರಿನ ಮಂಟಪದಲ್ಲಿ ದೊಡ್ಡ ನಂದಿ. ಒಳಗೆ ಗರ್ಭಗುಡಿಯ ಮುಂದಿನ ನೆಲದಲ್ಲಿ, ಸಾಷ್ಟಾಂಗ ನಮಸ್ಕಾರ ಮಾಡುತ್ತಿರುವ ನಾಯಕರ ಆಕೃತಿಗಳು. ರಾಜ್ಯವಾಳಿದವರು ನೆಲದ ಮೇಲಿನ ಗೆರೆಗಳಾಗಿ ಉಳಿದಿರುವುದನ್ನು ಕಂಡು ಹುಡುಗ ಅವರನ್ನು ತುಳಿಯದಂತೆ ಬದಿಯಿಂದ ನಡೆದ.

ಮಾರನೆಯ ದಿನ ಬೆಳಗ್ಗೆ ಅವರು ಏರಿದ ಬಸ್ಸು ಸುಮಾರು 30 ಕಿಲೋಮೀಟರು ದೂರದ ಹೊಳೆಬಾಗಿಲಿನತ್ತ ಸಾಗಿತು. ಅಂಬಾರಗೋಡ್ಲಿನ ದಡದಲ್ಲಿ ರಸ್ತೆ ನೇರವಾಗಿ ನೀರಿಗಿಳಿದು ನಿಲ್ಲುತ್ತದೆ. ಎದುರಿಗೆ ಕಳಸವಳ್ಳಿ, ಅದರಾಚೆಗೆ ತುಮರಿ, ಸಿಗಂದೂರು. ಚೌಡೇಶ್ವರಿಯ ದರ್ಶನಕ್ಕೆ ಹೊರಟ ಯಾತ್ರಿಕರು, ಪೇಟೆಯಿಂದ ಸಾಮಾನು ತಂದ ಊರಿನವರು, ಜೀಪು, ಮೋಟಾರುಸೈಕಲ್ಲುಗಳು ಎಲ್ಲವೂ ಲಾಂಚಿಗಾಗಿ ಸಾಲುಗಟ್ಟಿದ್ದವು. ಪಕ್ಕದಲ್ಲಿ ಹೊಸ ಸೇತುವೆ ಮುಗಿಯುವ ಹಂತದಲ್ಲಿತ್ತು. ಅದರ ಎತ್ತರದ ಕಂಬಗಳು ನೀರಿನಲ್ಲಿ ನೆರಳು ಚೆಲ್ಲಿದ್ದವು.

ಲಾಂಚು ಬಂತು. ಬಸ್ಸು ಹಿಮ್ಮುಖವಾಗಿ ಅದರ ಮೇಲೇರಿದ್ದನ್ನು ಕಂಡು ಹುಡುಗ ಚಪ್ಪಾಳೆ ತಟ್ಟಿದ. ಆದರೆ ಅಮ್ಮಮ್ಮನ ಹೆಜ್ಜೆ ನೀರಿನ ಅಂಚಿನಲ್ಲಿ ನಿಂತುಬಿಟ್ಟಿತು. ಸಿಬ್ಬಂದಿ ಅವಸರಪಡಿಸಿದರು. ಮಗನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಗ ಮೊಮ್ಮಗಳು ಮುಂದೆ ಬಂದು, “ಅಮ್ಮಮ್ಮ, ನಿಮ್ಮ ಮನೆ ಎಲ್ಲಿತ್ತೆಂದು ನನಗೆ ತೋರಿಸುವವರು ನೀವಲ್ಲದೆ ಬೇರೆ ಯಾರಿದ್ದಾರೆ?” ಎಂದು ಕೈಹಿಡಿದಳು. ಮುದುಕಿ ಆ ಕೈಯನ್ನು ಬಿಗಿಯಾಗಿ ಹಿಡಿದು ಹಲಗೆಯ ಮೇಲೆ ಕಾಲಿಟ್ಟರು.

ನಡುನೀರಿಗೆ ಬಂದಾಗ ಅಮ್ಮಮ್ಮ ಕಂಬಿಯನ್ನು ಹಿಡಿದು ಎದ್ದು ನಿಂತರು. ದೂರದಲ್ಲಿ ಎರಡು ಗುಡ್ಡಗಳು ಒಂದಕ್ಕೊಂದು ತಲೆಯಾನಿಸಿದಂತೆ ಕಾಣುತ್ತಿದ್ದವು. ಮುಳುಗದೆ ಉಳಿದ ಆ ಗುಡ್ಡಗಳೇ ಆಕೆಗೆ ಗುರುತು. “ಅಗೋ, ಆ ಎರಡು ಗುಡ್ಡಗಳ ನಡುವೆ, ಕೆಳಗೆ. ಮನೆಯ ಹಿಂದೆ ತೋಟ, ಮುಂದೆ ಗದ್ದೆ. ಗದ್ದೆಯ ಅಂಚಿನಲ್ಲಿ ಹೊಳೆ. ಸಂಜೆ ಹೊಳೆಯ ಸದ್ದು ಮನೆಗೆ ಕೇಳುತ್ತಿತ್ತು” ಎಂದರು. ಮೊಮ್ಮಕ್ಕಳು ನೋಡಿದರು. ಅಲ್ಲಿ ನೀಲಿ ನೀರಿನ ಹೊರತು ಬೇರೇನೂ ಇರಲಿಲ್ಲ. ಸದ್ದೂ ಇರಲಿಲ್ಲ. ಹುಡುಗ ತಾನಾಗಿಯೇ ಧ್ವನಿ ತಗ್ಗಿಸಿ, “ಮೀನುಗಳು ಈಗ ಅಲ್ಲಿರುತ್ತವೆಯೆ?” ಎಂದು ಕೇಳಿದ. ಅಮ್ಮಮ್ಮ ಮೊದಲ ಸಲ ನಕ್ಕರು: “ಇರಲಿ ಬಿಡು, ಯಾರಾದರೂ ಇರಲಿ.”

ಗುಡ್ಡದ ಮನೆಯ ಅಂಗಳದಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿಯಿತ್ತು. ಒಂದು ಕಡೆ ಕೊನೆಗಳ ರಾಶಿ; ಇನ್ನೊಂದು ಕಡೆ ಸುಲಿಯುವವರ ಸಾಲು. ಜಗಲಿಯ ಮೇಲೆ ಕುಳಿತಿದ್ದ ಅಣ್ಣ ಎದ್ದು ನಿಲ್ಲಲು ಪ್ರಯತ್ನಿಸಿ, ಆಗದೆ, ಎರಡೂ ಕೈ ಚಾಚಿ, “ಬಂದ್ಯಾ ತಂಗಿ?” ಎಂದಷ್ಟೇ ಕೇಳಿದ. ತಂಗಿ ಹತ್ತಿರ ಹೋಗಿ ಕುಳಿತಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬಳಿಕ ಆಕೆ ಒಳಗೆ ಹೋಗಲು ಎದ್ದವಳು ಬಾಗಿಲಲ್ಲಿಯೇ ನಿಂತಳು. ಕಪ್ಪುಗಟ್ಟಿದ ಹಳೆಯ ಮರದ ದಾರಂದ. ಎಡಗಡೆ ಮೇಲೆ ಒಂದು ಕಬ್ಬಿಣದ ಮೊಳೆ.

“ಇದು ಆ ಮನೆಯದೇ?” ಎಂದಳು.

“ಆ ಮನೆಯದೇ. ಹೆಂಚು, ಕಂಬಗಳನ್ನು ಗಾಡಿಯಲ್ಲಿ ತಂದೆವು. ಇದನ್ನು ನಾಲ್ಕು ಜನ ಹೊತ್ತು ತಂದೆವು. ಮೊಳೆ ಕೀಳಲಿಲ್ಲ” ಎಂದ ಅಣ್ಣ.

ಆ ಮೊಳೆಗೆ ದಿನವೂ ಸಂಜೆ ಕಂದೀಲನ್ನು ತೂಗುಹಾಕುವುದು ಆಕೆಯ ಕೆಲಸವಾಗಿತ್ತು. ಹಣ್ಣಾದ ಆ ಕೈ ಈಗ ಮೊಳೆಯನ್ನು ಮುಟ್ಟಿ ನೋಡಿತು. ಅರುವತ್ತು ವರ್ಷ ತಾನು ದೂರವಿಟ್ಟದ್ದು ನೀರನ್ನು ಮಾತ್ರವಲ್ಲ, ಈ ಬಾಗಿಲನ್ನೂ ಎಂದು ಆಕೆಗೆ ಆಗ ಅನಿಸಿರಬೇಕು. ಕಣ್ಣೊರೆಸಿಕೊಂಡು ಒಳಗೆ ನಡೆದಳು.

ಅಂದಿನ ಊಟದಲ್ಲಿ ತಂಬುಳಿ, ಹಲಸಿನ ಹಪ್ಪಳ, ತೊಡೆದೇವುಗಳಿದ್ದವು. ಬೆಂಗಳೂರಿನ ಕುಸ್ವಾರಿನ ಡಬ್ಬಿಯೂ ತೆರೆಯಿತು. “ಹಲ್ಲಿಲ್ಲದವನಿಗೆ ಚಕ್ಕುಲಿ ತಂದಿದ್ದೀರಲ್ಲ!” ಎಂದು ನಗುತ್ತ ಅಜ್ಜ ಎಳ್ಳುಂಡೆಯನ್ನು ಆರಿಸಿಕೊಂಡರು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲಿ ನೆರೆಮನೆಯವರಿಗಾಗಿ ತೊಡೆದೇವನ್ನು ತುಂಬಿಸಿದರು.

ಸಂಜೆ ಏಳರ ಹೊತ್ತಿಗೆ ವಿದ್ಯುತ್ತು ಹೋಯಿತು. ಕತ್ತಲೆಯಲ್ಲಿ ಅಜ್ಜನ ಧ್ವನಿ ಕೇಳಿತು: “ನಮ್ಮ ಕರೆಂಟು ನಿಮ್ಮೂರಿಗೆ ಹೋಗಿದೆ, ಕ್ರಿಸ್‌ಮಸ್ ರಜೆ ಮುಗಿಸಿಕೊಂಡು ಬರುತ್ತದೆ.” ಎಲ್ಲರೂ ನಕ್ಕರು. ಆದರೆ ಆ ಮಾತಿನಲ್ಲಿ ಬರಿಯ ಹಾಸ್ಯವಿರಲಿಲ್ಲ. ನಾಡಿಗೆ ಬೆಳಕು ಕೊಡಲೆಂದು ನೆಲ ಬಿಟ್ಟುಕೊಟ್ಟ ಈ ಕಡೆಯ ಹಳ್ಳಿಗಳು ಬಹುಕಾಲ ಬೆಳಕಿಗೂ ರಸ್ತೆಗೂ ಕಾದವು. ಅಜ್ಜನ ಮನೆ ನಿಂತಿರುವ ನೆಲ ದಾಖಲೆಗಳಲ್ಲಿ ಇನ್ನೂ ಅರಣ್ಯವೆಂದೇ ಇತ್ತು. ಶರಾವತಿಯ ಸಂತ್ರಸ್ತರಲ್ಲಿ ಅನೇಕರು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಮೊಮ್ಮಗಳು ಮೂಲೆಯಲ್ಲಿದ್ದ ಕಂದೀಲನ್ನು ಹುಡುಕಿ ತಂದಳು. ಅಮ್ಮಮ್ಮ ಅದನ್ನು ಹೊತ್ತಿಸಿ, ಯಾರ ನೆರವೂ ಇಲ್ಲದೆ, ಆ ಹಳೆಯ ಮೊಳೆಗೆ ತೂಗುಹಾಕಿದರು.

ಮರುದಿನ ಅವರು ಜೋಗವನ್ನು ಕಂಡರು. ಮಳೆಗಾಲದಲ್ಲಿ ಕಣಿವೆಯನ್ನೇ ನಡುಗಿಸುವ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಡಿಸೆಂಬರಿನಲ್ಲಿ ಬಂಡೆಗೆ ಅಂಟಿದ ಬಿಳಿಯ ನೂಲಿನಂತಿರುತ್ತವೆ. ಇಷ್ಟು ದಿನ ಹಟ ಹಿಡಿದಿದ್ದ ಹುಡುಗನ ಮುಖ ಬಾಡಿತು. “ಉಳಿದ ನೀರೆಲ್ಲ ಎಲ್ಲಿ?” ಎಂದ. ತಂದೆ ಅಣೆಕಟ್ಟು, ಕಾಲುವೆ, ತಳಕಳಲೆಯ ಜಲಾಶಯ, ಒಟ್ಟು 1,035 ಮೆಗಾವಾಟು ಸಾಮರ್ಥ್ಯದ ಹತ್ತು ವಿದ್ಯುತ್ ಯಂತ್ರಗಳು ಎಂದು ವಿವರಿಸಲು ಆರಂಭಿಸಿದರು. ಅಷ್ಟರಲ್ಲಿ ಅಕ್ಕ ಉತ್ತರ ಕೊಟ್ಟಳು: “ಉಳಿದ ನೀರು ಅಮ್ಮಮ್ಮನ ಮನೆಯ ಮೇಲಿದೆ.” ಹುಡುಗ ಮತ್ತೆ ಕೇಳಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅದರ ಉದ್ದ 2.44 ಕಿಲೋಮೀಟರು. ಈಗ ಲಾಂಚಿಗಾಗಿ ಕಾಯಬೇಕಾದ ಪ್ರಮೇಯವಿಲ್ಲ. ರಾತ್ರಿಯ ಹೊತ್ತು ಕಾಯಿಲೆಯವರನ್ನು ಸಾಗರಕ್ಕೆ ಕರೆತರಲು ಯಾರೂ ದಡದಲ್ಲಿ ಕುಳಿತು ಬೆಳಗು ಕಾಯಬೇಕಾಗಿಲ್ಲ. ಅರುವತ್ತು ವರ್ಷಗಳ ಬವಣೆಗೆ ಇದು ತಡವಾಗಿ ಬಂದರೂ ದೊಡ್ಡ ಪರಿಹಾರವೆಂಬುದರಲ್ಲಿ ಸಂದೇಹವಿಲ್ಲ. “ಇನ್ನು ನಿನಗೆ ನೆಪವಿಲ್ಲ” ಎಂದು ಅಣ್ಣ ಆ ವಾರವೇ ದೂರವಾಣಿಯಲ್ಲಿ ತಂಗಿಯನ್ನು ಛೇಡಿಸಿದರಂತೆ.

ಬಸ್ಸು ಕೆಲವೇ ನಿಮಿಷಗಳಲ್ಲಿ ಸೇತುವೆಯನ್ನು ದಾಟಿಬಿಡುತ್ತದೆ. ಮುಂದಿನ ಕ್ರಿಸ್‌ಮಸ್ ರಜೆಯಲ್ಲಿ ಆ ಕಡೆ ಹೋಗುವ ಕುಟುಂಬಗಳು ಯಾವುದಾದರೊಂದು ದಡದಲ್ಲಿ ಇಳಿದು, ಮಕ್ಕಳ ಕೈಹಿಡಿದು, ಆ ನೀರನ್ನು ಸ್ವಲ್ಪ ಹೊತ್ತು ನೋಡಿ ಮುಂದೆ ಸಾಗಲಿ. ನೀಲಿಯಾಗಿ ಮಲಗಿರುವ ಆ ವಿಸ್ತಾರದ ಕೆಳಗೆ ಅಂಗಳಗಳಿವೆ, ತುಳಸಿಕಟ್ಟೆಗಳಿವೆ, ಗದ್ದೆಯ ಬದುಗಳಿವೆ. ಅವುಗಳನ್ನು ತೋರಿಸಬಲ್ಲವರು ಇನ್ನೂ ಕೆಲವರು ನಮ್ಮ ಮನೆಗಳ ಮೂಲೆಯ ಕುರ್ಚಿಗಳಲ್ಲಿ ಕುಳಿತಿದ್ದಾರೆ.